ನಾಲ್ಕು ಗೊಲ್ಲಾಳಪ್ಪರು, ಒಂದು ಚಿಲಕ

ಕಣ್ಣು ಮುಚ್ಚಿಕೊಂಡು ಕಥೆ ಹೇಳುವವರನ್ನು ನಾನು ನಂಬುವುದಿಲ್ಲ. ಎದುರಿಗೆ ಕುಂತವ ಆಕಳಿಸಿದ್ದು ಅವರಿಗೆ ಕಾಣುವುದಿಲ್ಲ. ನಮ್ಮ ನಿರ್ದೇಶಕರು ಕಣ್ಣು ಮುಚ್ಚಿಕೊಂಡೇ ಶುರುಮಾಡಿದರು.

“ಇಂಗಳೇಶ್ವರದಾಗ ಒಬ್ಬ ರೈತ. ಹೆಸರು ಗೊಲ್ಲಾಳಪ್ಪ. ಒಂದಿನ ಅವನ ಮನಿ ಮುಂದಿನ ಹಗೇವಿನೊಳಗಿಂದ ಮೂರು ಮಂದಿ ಎದ್ದು ಬರ್ತಾರ. ಮೂವರೂ ಗೊಲ್ಲಾಳಪ್ಪನ. ಅದ ಮಾರಿ, ಅದ ದನಿ, ಅದ ಹೆಸರು. ಸಮಾಂತರ ಲೋಕದಿಂದ ಬಂದಾರ.”

ಜೋಳ ತುಂಬಿಡುವ ನೆಲಗುಂಡಿಯಿಂದ ಮನುಷ್ಯರು ಎದ್ದು ಬರುವುದು ನನಗೆ ಹಿಡಿಸಿತು. ಜೋಳಕ್ಕಿಂತ ಮನುಷ್ಯರಿಗೆ ಬೇಗ ಹುಳ ಬೀಳುತ್ತದೆ, ಕಥೆ ಲಗೂನೆ ಮುಗಿಯಬಹುದು ಅಂದುಕೊಂಡೆ.

ನಿರ್ದೇಶಕರು ಪುಣೆಯಲ್ಲಿ ಎರಡು ವರ್ಷ ಓದಿ ಬಸವನ ಬಾಗೇವಾಡಿಗೆ ಮರಳಿದವರು. ಅಲ್ಲಿಂದ ಒಂದು ಗಡ್ಡ, ಹೆಗಲಿಗೆ ಒಂದು ಚೀಲ ಮತ್ತು ‘ಕಾನ್ಸೆಪ್ಟ್’ ಅನ್ನುವ ಒಂದು ಶಬ್ದ ತಂದಿದ್ದರು. ಮೊಬೈಲ್ ಆ್ಯಪ್ ಒಂದಕ್ಕೆ ಹನ್ನೆರಡು ಕಂತಿನ ಧ್ವನಿ ಧಾರಾವಾಹಿ ಮಾಡಿಕೊಡುವ ಕೆಲಸ ಅವರಿಗೆ ಸಿಕ್ಕಿತ್ತು. ಚಿತ್ರವಿಲ್ಲ, ಬರೀ ಕಿವಿಯ ಕೆಲಸ. ನಾಲ್ಕೂ ಗೊಲ್ಲಾಳಪ್ಪರನ್ನು ನಾನೊಬ್ಬನೇ ಆಡಬೇಕು. ನಮ್ಮೂರು ಇಂಡಿಯ ಆರ್ಕೆಸ್ಟ್ರಾದಲ್ಲಿ ನಾನು ಟ್ರ್ಯಾಕ್ಟರ್, ಬೆಕ್ಕು ಮತ್ತು ನಾಲ್ವರು ಮಂತ್ರಿಗಳನ್ನು ಮಾಡುವುದನ್ನು ನೋಡಿ ಅವರು ನನ್ನನ್ನು ಆರಿಸಿದ್ದರು. ಟ್ರ್ಯಾಕ್ಟರ್ ಚಲೋ ಬರುತ್ತದೆ. ಮಂತ್ರಿಗಳು ನಾಲ್ವರೂ ಒಂದೇ ಥರ ಕೇಳಿಸುತ್ತಾರೆ, ಆದರೆ ಅದು ನನ್ನ ತಪ್ಪಲ್ಲ.

ಸ್ಟುಡಿಯೋ ಅಂದರೆ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನ ಹತ್ತಿರ, ಬೀಜದ ಅಂಗಡಿಯ ಮೇಲಿನ ಒಂದು ಖೋಲಿ. ಗೋಡೆ ಗುಂಯ್‌ಗುಡಬಾರದೆಂದು ನಾಲ್ಕೂ ಕಡೆ ಕೌದಿ ಬಡಿದಿದ್ದರು. ಕೌದಿಗಳನ್ನು ತಂದಿದ್ದು ಊರಿನ ಮೈಕ್‌ಸೆಟ್ ಮಾಮಾ. ಹಬ್ಬ, ಮದುವೆ, ಉರುಸು ಎಲ್ಲಕ್ಕೂ ಧ್ವನಿವರ್ಧಕ ಕಟ್ಟುವ ಮುಸ್ಲಿಂ ಮನೆತನದವರು, ಈಗ ನಮಗೆ ಧ್ವನಿಮುದ್ರಣದವರು. ಒಂದೊಂದು ಕೌದಿಯಲ್ಲಿ ಒಂದೊಂದು ಮನೆಯ ಹಳೇ ಸೀರೆಯ ವಾಸನೆ. ಏಪ್ರಿಲಿನಲ್ಲಿ ಫ್ಯಾನು ಬಂದ್ ಮಾಡಿ ಆ ಖೋಲಿಯಲ್ಲಿ ಕುಂತರೆ ಸಮಾಂತರ ಲೋಕ ತಾನಾಗಿಯೇ ಕಾಣುತ್ತಿತ್ತು.

ಕಥೆಯ ಗಂಟು ಹೀಗಿತ್ತು. ಒಂದು ಲೋಕದಲ್ಲಿ ಗೊಲ್ಲಾಳಪ್ಪನ ಅಪ್ಪ ಇಂಗಳೇಶ್ವರದಲ್ಲೇ ಉಳಿದು ಮಗನನ್ನು ರೈತ ಮಾಡಿದ. ಇನ್ನೊಂದರಲ್ಲಿ ಇಂಡಿಗೆ ಹೋದ, ಮಗ ನಿಂಬೆಹಣ್ಣಿನ ವ್ಯಾಪಾರಿಯಾದ. ಮತ್ತೊಂದರಲ್ಲಿ ಸಿಂದಗಿಗೆ ಹೋದ, ಮಗ ಸಾಲಿ ಮಾಸ್ತರನಾದ. ಕೊನೆಯದರಲ್ಲಿ ಮುದ್ದೇಬಿಹಾಳಕ್ಕೆ ಹೋದ, ಮಗ ವಕೀಲನಾದ. ನಾಲ್ಕೂ ಲೋಕದಲ್ಲಿ ಹೆಂಡತಿ ಒಬ್ಬಳೇ. ಈಗ ನಾಲ್ವರೂ ಒಂದೇ ಕಟ್ಟೆಯ ಮೇಲೆ ಕುಂತು, ಈ ಮನೆ ನನ್ನದು, ಈ ಹೆಸರು ನನ್ನದು, ಒಳಗಿರುವ ಹೆಂಡತಿ ನನ್ನವಳು ಅನ್ನುತ್ತಾರೆ. ಆಧಾರ್ ನಂಬರು ನಾಲ್ವರದೂ ಒಂದೇ. ಹೆಬ್ಬೆಟ್ಟೂ ಒಂದೇ. ತಹಶೀಲ್ದಾರ ಕಚೇರಿಯವರು ನಾಲ್ವರಿಗೂ ನಾಳೆ ಬರ್ರಿ ಅಂತಾರೆ. ಇಡೀ ಕಥೆಯಲ್ಲಿ ನಂಬುವಂಥ ಮಾತು ಅದೊಂದೇ.

“ಸರ, ಒಂದ ದನಿ, ಒಂದ ಹೆಸರು. ಮಾತಾಡಾಂವ ಯಾಂವ ಅಂತ ಕೇಳಾವ್ರಿಗೆ ಹೆಂಗ ತಿಳೀಬೇಕು?” ಅಂದೆ.

“ಅದ ನೋಡು ಕಾನ್ಸೆಪ್ಟ್.”

ಅವರ ಕಾನ್ಸೆಪ್ಟ್ ಏನಾಗಿತ್ತೆಂದರೆ ಅಂಕಿ. ಗೊಲ್ಲಾಳಪ್ಪ ಒಂದು, ಎರಡು, ಮೂರು, ನಾಲ್ಕು. ಮಾತಿನ ನಡುವೆ ಒಬ್ಬರನ್ನೊಬ್ಬರು ಅಂಕಿ ಹಿಡಿದು ಕರೆಯಬೇಕು. ‘ಏ ಮೂರನೇ ಗೊಲ್ಲಾಳಪ್ಪ, ಬಾಯಿ ಮುಚ್ಚು’ ಅಂತ ನಾನೇ ಅಂದು, ನಾನೇ ಬಾಯಿ ಮುಚ್ಚಿ, ನಾನೇ ಸಿಟ್ಟಾಗಬೇಕು. ನಾಲ್ಕು ದಿನ ಮುದ್ರಿಸಿದೆವು. ಕಾಗದದ ಅಂಚಿಗೆ ಕೆಂಪು, ಹಸಿರು, ನೀಲಿ, ಕರಿ ಗೆರೆ ಎಳೆದುಕೊಂಡು ಓದಿದೆ. ಕಡೆಗೆ ನಿರ್ದೇಶಕರೇ ಹಸಿರಿನವನ ಮಾತನ್ನು ನೀಲಿಯವನಿಂದ ಆಡಿಸಿ, ತಾವೇ ವಾಹ್ ಅಂದರು.

ಮೊದಲ ಪರೀಕ್ಷೆಗೆ ಯಾರ್ಡಿನ ಮೂವರು ಹಮಾಲರನ್ನು ಮೇಲಕ್ಕೆ ಕರೆದು ಚಹಾ ಕೊಟ್ಟು ಕೇಳಿಸಿದೆವು. ಮುಗಿದ ಮೇಲೆ ನಿರ್ದೇಶಕರು, “ಎಷ್ಟ ಮಂದಿ ಅದಾರು?” ಅಂದರು.

ಹಿರಿಯ ಹಮಾಲ ಬಸಿ ಕೆಳಗಿಟ್ಟ. “ಒಬ್ಬಾಂವ್ರಿ. ತಲಿ ಕೆಟ್ಟೈತಿ ಪಾಪ, ತನ್ನ ಜೋಡಿ ತಾನ ಜಗಳಾಡಾಕತ್ತಾನ. ನಡುನಡುವ ಲೆಕ್ಕಾನೂ ಹೇಳ್ತಾನ.”

ಅವರು ಇಳಿದು ಹೋದ ಮೇಲೆ ನಿರ್ದೇಶಕರು, “ಇವರಿಗೆಲ್ಲಿ ತಿಳೀತೈತಿ” ಅಂದರು. ತಮಗೂ ತಿಳಿದಿಲ್ಲ ಅನ್ನುವುದನ್ನು ಮನುಷ್ಯ ಹೇಳುವ ನಮೂನೆಗಳಲ್ಲಿ ಇದೂ ಒಂದು.

ಎರಡನೆಯ ವಾರ ನನ್ನ ಕಲೆಯ ಸರದಿ. ಇದರಲ್ಲಿ ತಪ್ಪು ಪೂರಾ ನನ್ನದೇ, ಹಂಚಿಕೊಳ್ಳಲು ಯಾರೂ ಬರಲಿಲ್ಲ. ದನಿ ಒಂದೇ ಇರಲಿ, ಒಬ್ಬೊಬ್ಬನಿಗೆ ಒಂದೊಂದು ಗುರುತು ಹಚ್ಚುತ್ತೇನೆ ಅಂದೆ. ನಿಂಬೆ ವ್ಯಾಪಾರಿಯ ದವಡೆಯಲ್ಲಿ ತಂಬಾಕು ಇಟ್ಟೆ. ಮಾಸ್ತರನಿಗೆ ಸುಣ್ಣದ ಕಡ್ಡಿಯ ಕೆಮ್ಮು ಕೊಟ್ಟೆ. ವಕೀಲನ ಮೂಗು ಕಟ್ಟಿಸಿದೆ. ರೈತನಿಗೆ ಏನೂ ಉಳಿಯಲಿಲ್ಲ, ಬಿಕ್ಕಳಿಕೆ ಕೊಟ್ಟೆ. ತಂಬಾಕಿನ ಬದಲು ದವಡೆಯಲ್ಲಿ ನೆನೆಸಿದ ಅವಲಕ್ಕಿ ಇಟ್ಟುಕೊಂಡಿದ್ದೆ, ಮಾತು ಮುಗಿಯುವುದರೊಳಗೆ ಅದು ಹೊಟ್ಟೆಗೆ ಹೋಗುತ್ತಿತ್ತು. ಮಾಮಾ ಹೆಡ್‌ಫೋನು ತೆಗೆದು, “ಬೇಟಾ, ಇಂಡಿಯಂವ ಮತ್ತ ನುಂಗಿದ ನೋಡು” ಅನ್ನುತ್ತಿದ್ದರು.

ಹಮಾಲರು ಮತ್ತೆ ಬಂದರು. ಈ ಸಲ ಹಿರಿಯ ಹಮಾಲ ಮರುಕದಿಂದ ಕೇಳಿದ.

“ದವಾಖಾನಿ ಕಥಿ ಏನ್ರಿ?”

ಅದೇ ಸಂಜೆ ನಿರ್ದೇಶಕರು ಒಂದು ಕಾಗದ ನನ್ನ ಮುಂದಿಟ್ಟರು. ಒಪ್ಪಿಗೆ ಪತ್ರ. ಆ್ಯಪಿನವರು ಶುಕ್ರವಾರ ಮೊದಲ ಕಂತು ಕೇಳುತ್ತಾರೆ. ನಾಲ್ವರನ್ನು ಗುರುತಿಸಲು ಆಗದಿದ್ದರೆ ನನ್ನ ಹತ್ತು ನಿಮಿಷದ ದನಿ ತೆಗೆದುಕೊಂಡು ಕಂಪ್ಯೂಟರಿಗೆ ಹಾಕುತ್ತಾರೆ. ಅದು ಬೇಕಾದಷ್ಟು ಗೊಲ್ಲಾಳಪ್ಪರನ್ನು ಮಾಡಿಕೊಡುತ್ತದೆ. ಬಿಕ್ಕಳಿಸುವುದಿಲ್ಲ, ಅವಲಕ್ಕಿ ನುಂಗುವುದಿಲ್ಲ, ಇಂಡಿಗೆ ಹೋಗುವ ಬಸ್ಸು ತಪ್ಪಿತೆಂದು ಗೊಣಗುವುದಿಲ್ಲ.

“ಅದರಾಗ ನನ್ನ ಹೆಸರು ಬರ್ತೈತಿಲ್ಲರಿ?”

“ಬರ್ತೈತಿ. ಧ್ವನಿ ಆಧಾರ ಅಂತ.”

ಧ್ವನಿ ಆಧಾರ. ಜೋಳದ ರೊಟ್ಟಿಗೆ ಜೋಳವೇ ಆಧಾರ ಅಂದಹಾಗೆ. ನನ್ನ ಅವ್ವ ಇಂಡಿಯ ನಮ್ಮ ಓಣಿಯಲ್ಲೆಲ್ಲ ಮಗ ನಾಲ್ಕು ಪಾತ್ರ ಮಾಡುತ್ತಾನೆಂದು ಹೇಳಿಕೊಂಡು ಬಂದಿದ್ದಳು. ಆ ನಾಲ್ಕನ್ನೂ ಬೇರೆ ಯಾವುದೋ ಮಾಡಿ, ನಾನು ಐದನೆಯವನಾಗಿ ಮನೆಯಲ್ಲಿ ಕುಂತು ಕೇಳಬೇಕು. ಹಗೇವಿನಿಂದ ಎದ್ದು ಬಂದವರು ಮನೆಯವನನ್ನು ಹೊರಗೆ ಹಾಕುವ ಕಥೆ ನನಗೆ ಆಗ ಮೊದಲ ಸಲ ಅರ್ಥವಾಯಿತು. ಅದನ್ನು ನಿರ್ದೇಶಕರಿಗೆ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಕಾನ್ಸೆಪ್ಟ್ ಅನ್ನುತ್ತಿದ್ದರು.

ಹೆಂಡತಿಯ ಪಾತ್ರ ಮಾಡುವ ಹಿರಿಯ ನಟಿ, ನಾವೆಲ್ಲ ಆಯಿ ಅನ್ನುವವರು, ಬಂದದ್ದು ಬುಧವಾರ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯವರು. ನಾಟಕ ಕಂಪನಿಯಲ್ಲಿ ಹರೆಯದಿಂದ ಮುಪ್ಪಿನ ತನಕ ಹೆಂಡತಿ ಪಾತ್ರವನ್ನೇ ಮಾಡಿದವರು. ಮೂರು ಬಸ್ಸು ಹತ್ತಿಳಿದು ಬಂದು, ಕೌದಿ ಹೊಡೆದ ಗೋಡೆ ನೋಡಿ, “ಏನಪಾ ತಮ್ಮಾ, ಬಾಣಂತಿ ಖೋಲಿ ಮಾಡಿರೇನು?” ಅಂದರು. ಆವತ್ತೇ ನಾನು ಅವರ ದನಿ ಕದಿಯಲು ಶುರುಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅವರಂತೆಯೇ ಮಾತಾಡಿ ತೋರಿಸಿದೆ. “ಚಲೋ ಮಾಡ್ತಿ. ಮಂಗ್ಯಾನೂ ಹಿಂಗ ಮಾಡ್ತೈತಿ” ಅಂದರು.

ಮೊದಲ ಸಾಲಿಗೇ ಕೆಲಸ ನಿಂತಿತು. ಕಾಗದದಲ್ಲಿ, ಹೆಂಡತಿ ಬಾಗಿಲಿಗೆ ಬಂದು ‘ಗೊಲ್ಲಾಳಪ್ಪಾ, ಒಳಗ ಬಾ’ ಅನ್ನುತ್ತಾಳೆ, ನಾಲ್ವರೂ ಏಳುತ್ತಾರೆ ಅಂತಿತ್ತು. ಆಯಿ ಕನ್ನಡಕ ತೆಗೆದರು.

“ಇದನ್ನ ನಾ ಅನ್ನೂದಿಲ್ಲ.”

“ಯಾಕ್ರಿ ಆಯಿ? ಇದು ಬ್ಯಾರೆ ಲೋಕ,” ಅಂದರು ನಿರ್ದೇಶಕರು.

“ಇರಲಿ. ಇಂಗಳೇಶ್ವರ ಅಂತ ಬರದೀಯಲ್ಲ? ಇಂಗಳೇಶ್ವರದಾಕಿ ಕಟ್ಟಿಮ್ಯಾಲ ನಾಕ ಮಂದಿ ಗಂಡಸರು ಕುಂತಾಗ ಹೊರಗ ಬಂದು ಗಂಡನ ಹೆಸರು ಹಿಡದು ಒದರ್ತಾಳೇನು? ಬಾ ಅಂತಾಳೇನು? ನಿಮ್ಮ ಮನ್ಯಾಗ ಅಂತಾರೇನು?”

ನಿರ್ದೇಶಕರು ಹಳೇ ಸಂಪ್ರದಾಯ, ಹೆಣ್ಣಿನ ಬಿಡುಗಡೆ ಅಂತ ಐದು ನಿಮಿಷ ಮಾತಾಡಿದರು. ಕಣ್ಣು ಮುಚ್ಚಿಕೊಂಡೇ. ಅಷ್ಟರಲ್ಲಿ ಆಯಿ ಎಲೆ ಅಡಿಕೆ ಹಾಕಿಕೊಂಡರು.

“ಆತಲ್ಲ?” ಅಂದರು. “ನಾ ದೊಡ್ಡ ಭಕ್ತಿ ಹೇಳಾಕತ್ತಿಲ್ಲಪಾ. ಹೆಸರು ಊರ ಮಂದೀದು. ಸಾವುಕಾರ ಕರೀತಾನ, ತಲಾಠಿ ಕರೀತಾನ, ಪೋಸ್ಟಿನಂವ ಕರೀತಾನ. ಎಲ್ಲಾರೂ ಕರ್ಯೂ ಹೆಸರಿಗೆ ನಾಕೂ ಮಂದಿ ಓ ಅಂತಾರ. ಆಕಿ ಗಂಡ ಯಾಂವ ಅಂತ ಅದರಿಂದ ಹೆಂಗ ತಿಳೀತೈತಿ?”

ಎರಡು ವಾರ ನಾವು ಮೂವರು ಗಂಡಸರು ಹೆಸರಿಗೆ ಬಾಲ ಕಟ್ಟುವುದರಲ್ಲಿ ಕಳೆದಿದ್ದೆವು.

“ಹಂಗಾರ ಆಕಿ ಏನಂತ ಕರೀತಾಳ್ರಿ?” ನಾನು ಕೇಳಿದೆ.

“ಆ ಮೂವರಿಗೆ ಮಕ್ಕಳದಾವೇನು?”

ನಿರ್ದೇಶಕರು ಕಾಗದ ತಿರುವಿದರು. ಇದ್ದರು. ವ್ಯಾಪಾರಿಗೆ ಶಾಂತಾ, ಮಾಸ್ತರನಿಗೆ ಪ್ರಭು, ವಕೀಲನಿಗೆ ಕಸ್ತೂರಿ. ರೈತನಿಗೆ ಮಕ್ಕಳಿಲ್ಲ.

“ಸುಲಭ ಆತು. ಶಾಂತಾನ ಅಪ್ಪಾರು, ಪ್ರಭುನ ಅಪ್ಪಾರು, ಕಸ್ತೂರಿ ಅಪ್ಪಾರು. ಬೀಗರಿದ್ದಂಗ, ಮರ್ಯಾದಿಲೆ ಮಾತಾಡಸ್ತಾಳ. ಯಾರ ಜೋಡಿ ಮಾತಾಡಾಕತ್ತಾಳಂತ ಕುರುಡರಿಗೂ ತಿಳೀತೈತಿ.”

“ರೈತಗ?”

“ಅವಗ ಕರ್ಯೂದಿಲ್ಲ.” ಆಯಿ ಇನ್ನೊಂದು ಎಲೆ ತೆಗೆದರು. “ಚಿಲಕಾ ಬಾರಸ್ತಾಳ.”

ಹಳೇ ಮನೆಗಳಲ್ಲಿ ನಡುಮನೆಯ ಬಾಗಿಲಿಗೆ ಮೇಲಿನಿಂದ ಇಳಿಬಿಟ್ಟ ಸರಪಳಿ ಚಿಲಕ ಇರುತ್ತದೆ. ಹೊರಗೆ ಮಂದಿ ಕುಂತಿದ್ದರೆ ಒಳಗಿನಿಂದ ಅದನ್ನು ಎರಡು ಸಲ ಬಾಗಿಲಿಗೆ ತಾಗಿಸುತ್ತಾರಂತೆ. ಗಂಡ ಎದ್ದು ಒಳಗೆ ಹೋಗುತ್ತಾನಂತೆ.

ನಾನು ನಕ್ಕೆ. “ಆಯಿ, ಈಗ ಯಾರ್ ಬಾರಸ್ತಾರ್ರಿ ಚಿಲಕಾ? ಮಿಸ್ ಕಾಲ್ ಕೊಡ್ತಾರ.”

“ನೀ ದನಿ ಕದಿಯೂ ಕಳ್ಳ ಹೌದಲ್ಲೋ. ನಿಮ್ಮವ್ವ ನಿಮ್ಮಪ್ಪಗ ಏನಂತ ಕರೀತಾಳ, ಮಾಡಿ ತೋರಸು.”

ಅವ್ವನ ದನಿ ನನ್ನ ಕೈವಶ. ಹಾಲಿನವನ ಜೊತೆ ಜಗಳ, ದೇವರಿಗೆ ಹೆದರಿಸುವುದು, ನನಗೆ ಬೈಯುವುದು, ಮೂರೂ ಬೇರೆ ಬೇರೆ ಮಾಡುತ್ತೇನೆ. ಬಾಯಿ ತೆರೆದೆ. ಅವ್ವ ಅಪ್ಪನನ್ನು ಕರೆಯುವ ದನಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರಿಬ್ಬರಲ್ಲಿ ಮಾತು ಕಡಿಮೆ, ಕರೆಯುವುದೇ ಇಲ್ಲ ಅಂದುಬಿಟ್ಟೆ. ಆಯಿ ಎಲೆಯ ತೊಟ್ಟು ಮುರಿದು ಕಿಟಕಿಯಿಂದ ಹೊರಗೆ ಚೆಲ್ಲಿದರು.

ಆವತ್ತು ಸಂಜೆ ನಾನು ಒಂದು ತೀರ್ಮಾನಕ್ಕೆ ಬಂದೆ. ತಂಬಾಕು, ಕೆಮ್ಮು, ಮೂಗು, ಬಿಕ್ಕಳಿಕೆ ಎಲ್ಲ ಅಳಿಸಿಹಾಕ್ರಿ, ನಾಲ್ವರನ್ನೂ ಒಂದೇ ದನಿಯಲ್ಲಿ, ನನ್ನದೇ ದನಿಯಲ್ಲಿ ಓದುತ್ತೇನೆ, ಬೇರೆ ಮಾಡುವುದು ಆಯಿಯ ಕೆಲಸ ಅಂದೆ. ಮಿಮಿಕ್ರಿಯವ ಮಿಮಿಕ್ರಿ ಬಿಡುತ್ತೇನೆ ಅಂದರೆ ಹಜಾಮ ಕತ್ತರಿ ಬಿಡುತ್ತೇನೆ ಅಂದಂತೆ. ನಿರ್ದೇಶಕರು ಒಪ್ಪಿಗೆ ಪತ್ರವನ್ನು ಮುಂದೆ ಸರಿಸಿದರು.

“ಶುಕ್ರವಾರ ಮುಂಜಾನೆ ಹಮಾಲರು ಕೇಳಲಿ,” ಅಂದೆ. “ಅವರಿಗೆ ತಿಳೀಲಿಲ್ಲಂದ್ರ ಅಲ್ಲೇ ಸಹಿ ಹಾಕ್ತೇನಿ. ಹತ್ತಲ್ಲ, ಇಪ್ಪತ್ತ ನಿಮಿಷ ದನಿ ತಗೋರಿ.”

ಗುರುವಾರ ಪೂರ್ತಿ ಚಿಲಕಕ್ಕೇ ಹೋಯಿತು. ಮೊದಲು ಮಾಮಾ ಬಚ್ಚಲ ಬಾಗಿಲಿನ ಕೊಂಡಿ ಅಲ್ಲಾಡಿಸಿದರು. ಬಚ್ಚಲದಂತೆಯೇ ಕೇಳಿಸಿತು. ಸೈಕಲ್ ಚೈನು ತಂದು ಹಲಗೆಗೆ ಬಡಿದರು. “ಎತ್ತ ಬಿಚ್ಚಿದಂಗಾತು” ಅಂದರು ಆಯಿ. ಗುಜರಿಯಿಂದ ಹಳೇ ಚಿಲಕವನ್ನೇ ತಂದು ಮೈಕಿನ ಮುಂದೆ ತೂಗಿದರು, ಅದೂ ಸತ್ತ ದನಿ. ಮಾಮಾ ಹೆಡ್‌ಫೋನು ಕೆಳಗಿಟ್ಟರು.

“ಚಿಲಕದ ಸಪ್ಪಳಲ್ಲ ಅದು, ಬಾಗಲದ ಸಪ್ಪಳ,” ಅಂದರು. “ನಮ್ಮ ಅಮ್ಮಾನೂ ಹಿಂಗ ಅಬ್ಬಾಗ ಕರೀತಿದ್ರು. ತೇಗಿನ ಬಾಗಲಾ.”

ಮಧ್ಯಾಹ್ನ ಅವರು ತಮ್ಮ ಹಳೇ ಮನೆಯ ಬಾಗಿಲಿನ ಒಂದು ಪಡಕನ್ನು, ಅಂದರೆ ಒಂದು ಕದವನ್ನು, ಚಿಲಕದ ಸಮೇತ ಕಿತ್ತು ಆಟೋದಲ್ಲಿ ತಂದರು. ಪಡಕು ಒಳಗೆ ಹಿಡಿಸದೆ, ಮಾಮಾ ಹೊರಗೆ ಜೋತು ಬಿದ್ದು ಬಂದಿದ್ದರು. ಬಾಗಿಲನ್ನು ಕೌದಿಗೆ ಆನಿಸಿ ನಿಲ್ಲಿಸಿದೆವು. ಮೈಕನ್ನು ಬಾಗಿಲಿನ ಹಿಂದೆ ಇಟ್ಟೆವು, ಹೊರಗೆ ಕುಂತವನ ಕಿವಿಯ ಎತ್ತರಕ್ಕೆ. ಆಯಿ ಸೆರಗು ಸರಿಪಡಿಸಿಕೊಂಡರು. ಕಿವಿಯ ಕೆಲಸಕ್ಕೆ ಸೆರಗು ಯಾಕೆ ಅಂತ ಕೇಳುವ ಬಾಯಿ ನನ್ನದು, ಆದರೂ ಕೇಳಲಿಲ್ಲ. ಎರಡು ಸಲ ತಾಗಿಸಿದರು. ಜೋರಿಲ್ಲ. ಮೊದಲನೆಯದು ಸಣ್ಣದು, ಎರಡನೆಯದು ಒಂಚೂರು ಎಳೆದದ್ದು.

“ನಮ್ಮ ಮನಿಯವ್ರು ಕಂಪನ್ಯಾಗ ಪೇಟಿ ಬಾರಸ್ತಿದ್ರು,” ಅಂದರು, ಕೈ ಇನ್ನೂ ಚಿಲಕದ ಮೇಲೆಯೇ ಇತ್ತು. “ಸುತ್ತೂ ಹತ್ತು ಮಂದಿ ಹಾಡಾಕತ್ತಿದ್ರೂ ಅವರಿಗೊಬ್ಬರಿಗೆ ಇದು ಕೇಳ್ತಿತ್ತು. ಮಂದ್ಯಾಗ ಕರ್ಯೂದು ಬ್ಯಾರೆ. ಬರೇ ಅವರಿಗಷ್ಟ ಮುಟ್ಟಬೇಕಂದ್ರ ಇದು.”

ಆಮೇಲೆ ನನ್ನ ಸರದಿ. ರೈತ ಕಟ್ಟೆಯಿಂದ ಏಳುವ ಸಪ್ಪಳ. ಒಂಬತ್ತು ಸಲ ಎದ್ದೆ. ಮೊದಲ ಸಲ ರಾಜನಂತೆ ಎದ್ದೆ, ಎರಡನೆಯ ಸಲ ಹೆರಿಗೆ ನೋವು ಬಂದವಳಂತೆ. “ಇಂವ ಏಳಾಕತ್ತಿಲ್ಲ, ಎದ್ದು ತೋರಸಾಕತ್ತಾನ,” ಅಂದರು ಆಯಿ. ಒಂಬತ್ತನೆಯ ಸಲ ಬೇಸರದಿಂದ, ಸಾಕು ಮನೆಗೆ ಹೋಗೋಣ ಅಂತ ಎದ್ದೆ. ಮೊಣಕಾಲು ಲಟಕ್ ಅಂದಿತು. ಮಾಮಾ ಹೆಬ್ಬೆರಳು ತೋರಿಸಿದರು.

ಶುಕ್ರವಾರ ಮುಂಜಾನೆ ಹಮಾಲರು ಬಂದು ಕುಂತರು. ಒಪ್ಪಿಗೆ ಪತ್ರ ಮೇಜಿನ ಮೇಲಿತ್ತು, ಪೆನ್ನು ಅದರ ಮೇಲೆ. ಧ್ವನಿಯಲ್ಲಿ ಹೆಂಡತಿ ಬಾಗಿಲ ಮರೆಯಿಂದಲೇ ಅತಿಥಿಗಳನ್ನು ಮಾತಾಡಿಸುತ್ತಾಳೆ. ಶಾಂತಾನ ಅಪ್ಪಾರ, ನೀರ್ ತಗೋರಿ. ಪ್ರಭುನ ಅಪ್ಪಾರ, ಊಟ ಆತೇನ್ರಿ. ಕಸ್ತೂರಿ ಅಪ್ಪಾರ, ಮಗಳು ಸಾಲಿಗೆ ಹೋಗ್ತಾಳೇನ್ರಿ. ಒಬ್ಬೊಬ್ಬರೂ ಉತ್ತರ ಕೊಡುತ್ತಾರೆ, ಎಲ್ಲ ನನ್ನದೇ ದನಿ, ಆದರೆ ಯಾರ ಬಾಯಿಯಲ್ಲಿ ಯಾರ ಮಾತು ಅನ್ನುವುದು ತೊಳೆದಿಟ್ಟಂತಿತ್ತು. ಆಮೇಲೆ ಜಗಳ ಹತ್ತುತ್ತದೆ. ನಾಲ್ವರೂ ಏಕಕಾಲಕ್ಕೆ, ಮನೆ ನನ್ನದು, ಹೆಸರು ನನ್ನದು. ಅದರ ನಡುವೆ ಒಳಗಿನಿಂದ ಚಿಲಕ, ಎರಡು ಸಲ. ಒಬ್ಬನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಮೊಣಕಾಲು ಲಟಕ್. ಚಪ್ಪಲಿ.

“ಎಲ್ಲಿ ಹೊಂಟಿ?”

“ಒಳಗ ಕರದ್ರು.”

“ಯಾರ್ ಕರದ್ರು? ನಮಗ ಕೇಳಸಲಿಲ್ಲಲ್ಲ.”

ಹಿರಿಯ ಹಮಾಲ ಬಸಿಯಲ್ಲಿ ಚಹಾ ಹಾಗೇ ಹಿಡಿದಿದ್ದ. “ಎದ್ದ ನೋಡು. ಇಂವನ ಆಕಿ ಗಂಡ,” ಅಂದ, ಪಕ್ಕದವನಿಗೆ. ನಮ್ಮ ಕಡೆ ನೋಡಲೂ ಇಲ್ಲ. ಮತ್ತೊಬ್ಬ, “ಉಳದಾವ್ರು ಇನ್ನ ಊರಿಗೆ ಹೋಗಬೇಕಪಾ,” ಅಂದ. ನಾನು ಪೆನ್ನು ತೆಗೆದು ಕಿಸೆಯಲ್ಲಿ ಇಟ್ಟುಕೊಂಡೆ. ಅದು ನಿರ್ದೇಶಕರದು, ಇನ್ನೂ ಕೊಟ್ಟಿಲ್ಲ.

ಮಧ್ಯಾಹ್ನ ಆ್ಯಪಿನವರ ಫೋನು ಬಂತು. ನಿರ್ದೇಶಕರು ಕಣ್ಣು ಮುಚ್ಚಿಕೊಂಡು, “ಹೌದು ಮೇಡಂ, ಆ ಚಿಲಕ ನನ್ನ ಕಾನ್ಸೆಪ್ಟ್” ಅನ್ನುವುದು ಕೇಳಿಸಿತು. ಆಯಿ ಅಷ್ಟರಲ್ಲಿ ಕನ್ನೊಳ್ಳಿಗೆಂದು ಬಸ್ಸು ಹತ್ತಿಯಾಗಿತ್ತು. ಒಪ್ಪಿಗೆ ಪತ್ರವನ್ನು ಮಾಮಾ ನಾಲ್ಕು ಮಡಿಕೆ ಮಾಡಿ, ಬಾಗಿಲು ಅಲ್ಲಾಡದಂತೆ ಕೆಳಗೆ ಸಿಗಿಸಿದ್ದರು. ಇನ್ನೂ ಹನ್ನೊಂದು ಕಂತಿಗೆ ಆ ಬಾಗಿಲು ಬೇಕಿತ್ತು.

ಮೊದಲ ಕಂತು ಬಂದ ದಿನ ನಾನು ಇಂಡಿಯಲ್ಲಿದ್ದೆ. ಅವ್ವ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಓಣಿಯ ಇಬ್ಬರ ಜೊತೆ ಕುಂತು, ನಿಂಬೆಗೆ ಬಿದ್ದ ರೋಗದ ಬಗ್ಗೆ ಮಾತಾಡುತ್ತಿದ್ದ. ನಾನು ಮೊಬೈಲನ್ನು ಹಿಟ್ಟಿನ ಪರಾತದ ಹತ್ತಿರ ಇಟ್ಟು ದನಿ ಏರಿಸಿದೆ.

ಅವ್ವ ಅರ್ಧ ಕೇಳಿ, “ಎಲ್ಲಾ ನೀನ ಮಾತಾಡೀದಿ. ನಾಕ ಮಂದಿ ಅಂದಿದ್ದಿಲ್ಲ?” ಅಂದಳು.

“ತಡೀ, ಮುಂದ ಕೇಳು.”

ಜಗಳ ಹತ್ತಿತು. ಮೊಬೈಲಿನಲ್ಲಿ ಚಿಲಕ ಎರಡು ಸಲ ತಾಗಿತು.

ಹೊರಗೆ ಅಪ್ಪನ ಮಾತು ಅರ್ಧಕ್ಕೇ ನಿಂತಿತು. ಮೊಣಕಾಲು ಲಟಕ್ ಅಂದಿದ್ದು ನನಗೆ ಒಳಗಿನವರೆಗೂ ಕೇಳಿಸಿತು. ಒಂಬತ್ತನೆಯ ಸಲ ನಾನು ಎದ್ದದ್ದು ಯಾರ ಏಳುವಿಕೆ ಅಂತ ಆಗ ಗೊತ್ತಾಯಿತು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಬಾಗಿಲಲ್ಲಿ ನಿಂತ.

“ಯಾಕ, ಕರದೆಲ್ಲ?”

ಅವ್ವ ತಲೆ ಎತ್ತಲಿಲ್ಲ. “ನಾ ಎಲ್ಲಿ ಕರದೆ.”

ನಾನು ಬಾಗಿಲ ಕಡೆ ನೋಡಿದೆ. ಅಲ್ಲಿ ಚಿಲಕವಿತ್ತು, ಅವ್ವನ ಕೈ ತಾಗುವಷ್ಟು ಜಾಗ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಇಪ್ಪತ್ತಾರು ವರ್ಷ ಆ ಮನೆಯಲ್ಲಿ ಇದ್ದೇನೆ. ಬೆಕ್ಕು, ಟ್ರ್ಯಾಕ್ಟರ್, ಮಂತ್ರಿ, ಏನನ್ನೂ ಬಿಡದ ಕಿವಿ ನನ್ನದು.

“ಅವ್ವಾ, ನೀ ಅಪ್ಪಗ ಹಿಂಗ ಕರೀತಿದ್ದೇನು? ನಾ ಒಂದ ದಿನಾನೂ ಕೇಳಿಲ್ಲಲ್ಲ.”

“ನಿನಗ ಕರದಿದ್ರ ಕೇಳತಿದ್ದಿ,” ಅಂದಳು ಅವ್ವ. ಆಮೇಲೆ ಅಪ್ಪನ ಕಡೆ ತಿರುಗಿ, “ಹೆಂಗೂ ಬಂದೀರಿ, ಮ್ಯಾಲಿನ ಹಿಟ್ಟಿನ ಡಬ್ಬಿ ಇಳಿಸಿ ಕೊಡ್ರಿ” ಅಂದಳು.

ಅಪ್ಪ ಡಬ್ಬಿ ಇಳಿಸಿದ. ಮೊಬೈಲಿನೊಳಗೆ ಉಳಿದ ಮೂವರು, ನನ್ನದೇ ದನಿಯಲ್ಲಿ, ಇನ್ನೂ ಜಗಳಾಡುತ್ತಿದ್ದರು.